ಮಾಮಾ ಕಲಿಸಿದ ಗಾಲಿ

ಸಾಯುವ ಹಿಂದಿನ ದಿನ ನಮ್ಮಣ್ಣ ನನ್ನ ಅಡುಗೆಮನೆಯನ್ನು ಉತ್ತಿದ್ದ.

ಉತ್ಪ್ರೇಕ್ಷೆಯಲ್ಲ. ಭಾನುವಾರ. ಚಪಾತಿಗೆಂದು ಹಿಟ್ಟು ನಾದಿಟ್ಟು, ನೀರು ಬಂತೆಂದು ವಾಡೆಯವರಿಗೆಲ್ಲ ಇದ್ದ ಒಂದೇ ನಲ್ಲಿಗೆ ಹೋಗಿದ್ದೆ. ಬರುವಷ್ಟರಲ್ಲಿ ಹಿಟ್ಟು ನೆಲಕ್ಕಿಳಿದು ಹೊಲವಾಗಿತ್ತು. ನಾಲ್ಕು ವರ್ಷದ ಮಗಳು ನನ್ನ ಬಾಚಣಿಗೆಗೆ ದಾರ ಕಟ್ಟಿಕೊಂಡು ಎಳೆಯುತ್ತಿದ್ದಳು. ಅಣ್ಣ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ.

"ಸಾಲು ಸೊಟ್ಟ ಆತು ನೋಡ ಕೂಸ. ಮುಂದ ನೋಡಿ ಹೊಡಿ."

"ಯಣ್ಣಾ, ಅದು ಚಪಾತಿ ಹಿಟ್ಟು!"

"ಇವತ್ತ ಅನ್ನಾ ಮಾಡು. ಪಾಠ ನಡದದ."

ಅಣ್ಣನಿಗೆ ಹೊಲವಿರಲಿಲ್ಲ. ಟ್ರ್ಯಾಕ್ಟರ್ ಓಡಿಸಲು ಬರುತ್ತಿರಲಿಲ್ಲ, ಸೈಕಲ್ಲೂ ಸಂಶಯವೇ! ಭೋಸರಿಯ ಒಂದು ಕಾರ್ಖಾನೆಯಲ್ಲಿ ಟ್ರ್ಯಾಕ್ಟರಿಗೆ ಹಾಕುವ ಒಂದು ಪಿನ್ನು ಮಾಡುತ್ತಿದ್ದ, ಹೆಬ್ಬೆರಳು ದಪ್ಪದ್ದು. ಆ ಪಿನ್ನಿಗೆ ತಗಲಿಕೊಂಡು ಉಳಿದ ಟ್ರ್ಯಾಕ್ಟರ್ ಇರುತ್ತದೆ ಎಂಬುದು ಅವನ ತಿಳಿವಳಿಕೆ.

ಮದುವೆಯಾಗಿರಲಿಲ್ಲ. ಹಾಗಾಗಿ ಭಾನುವಾರಗಳೆಲ್ಲ ನನ್ನ ಮಗಳ ಟ್ರ್ಯಾಕ್ಟರ್ ಪಾಠಕ್ಕೆ. ನಿಯಮ ಒಂದೇ: ಪಾಠ ಪೂರ್ತಿಯಾಗದೆ ನಿಜವಾದ ಟ್ರ್ಯಾಕ್ಟರ್ ತೋರಿಸುವಂತಿಲ್ಲ. ಮುಗಿದ ಮೇಲೆ ತಾನೇ ಬಾರಾಮತಿಗೆ ಕರೆದೊಯ್ದು, ಕಬ್ಬಿನ ಹೊಲದಲ್ಲಿ ಸೀಟಿನ ಮೇಲೆ ಕೂರಿಸುತ್ತೇನೆಂದು ಮಾತು ಕೊಟ್ಟಿದ್ದ. ಆ ಸೀಟಿಗಾಗಿ ಮಗಳು ಏನು ಹೇಳಿದರೂ ಕಲಿತಳು.

ಹಿಂದಿನ ಗಾಲಿ ಯಾಕೆ ದೊಡ್ಡದು? ನಲ್ಲಿಯ ಕೆಸರಿನಲ್ಲಿ ಅವಳ ಒಂದು ಕಾಲಿಗೆ ಮಣೆ ಕಟ್ಟಿ ನಿಲ್ಲಿಸಿದ. ಬರಿಗಾಲು ಹೂತಿತು, ಮಣೆಯ ಕಾಲು ನಿಂತಿತು. ಮಗಳಿಗೆ ತಿಳಿಯಿತು. ಮಣೆ ನನ್ನ ಮದುವೆಯದು. ಅದು ಯಾರಿಗೂ ತಿಳಿಯಲಿಲ್ಲ.

ಒಮ್ಮೆ ಮಗಳು ಹೋಗುವ ಮರಾಠಿ ಬಾಲವಾಡಿಯ ಟೀಚರು ನನ್ನನ್ನು ಕರೆಸಿದರು. ಮುಖ ಬಿಗಿದಿತ್ತು. ಮಗಳು ಎಲ್ಲರೆದುರು ಹೆಮ್ಮೆಯಿಂದ ಮರಾಠಿಯಲ್ಲಿ, "ಮಾಮಾ ಮಲಾ ಗಾಲೀ ಶಿಕವತೋ. ದೋನ ಮೋಠ್ಯಾ, ದೋನ ಛೋಟ್ಯಾ!" ಎಂದಿದ್ದಳಂತೆ. ಮಾಮಾ ನನಗೆ ಗಾಲಿ ಕಲಿಸುತ್ತಾನೆ, ಎರಡು ದೊಡ್ಡವು, ಎರಡು ಸಣ್ಣವು. ನಮ್ಮ ಗಾಲಿ ಅವರ ಕಿವಿಗೆ ಹಿಂದಿಯ ಬೈಗುಳವಾಗಿ ಬಿದ್ದಿತ್ತು! ವಾರಕ್ಕೆ ನಾಲ್ಕು ಬೈಗುಳ, ಅದೂ ಅಳತೆಯ ಪ್ರಕಾರ!

ಅಣ್ಣನನ್ನೇ ಕರೆದೊಯ್ದೆ. "ಗಾಲಿ ಮ್ಹಣಜೇ ಚಾಕ, ಬಾಈ," ಗಾಲಿ ಅಂದರೆ ಚಕ್ರ, ಅಂದು ಬರುವುದಷ್ಟೇ ಅವನ ಕೆಲಸ. ಅವನು ನಾಲ್ಕು ಮಕ್ಕಳನ್ನು ಗಾಲಿ ಮಾಡಿ, ಟೀಚರನ್ನೇ ಎಂಜಿನ್ ಮಾಡಿ ಅಂಗಳ ಸುತ್ತಿಸಿದ.

"ಎಂಜಿನ್ ಭಾಳ ಛಲೋ ಅದ," ಎಂದು ನನಗೆ ಹೇಳಿದ. ಟೀಚರಿಗೆ ಕನ್ನಡ ಬಾರದ್ದು ಪುಣ್ಯ.

ಆ ಭಾನುವಾರ ಹಿಟ್ಟಿನ ಹೊಲ ನೋಡಿ, "ಪಾಠ ಮುಗೀತು. ಬರೋ ರವಿವಾರ ಬಾರಾಮತಿ," ಎಂದ. ಮಗಳು ಆಗಲೇ ಫ್ರಾಕು ಆರಿಸಿದಳು. ಅಣ್ಣ ಅನ್ನ ಉಂಡು ಹೋದ. ಮರುದಿನ ಮಷೀನಿನ ಮುಂದೆ ಎದೆ ಹಿಡಿದು ಕುಳಿತವನು ಏಳಲಿಲ್ಲ.

ಕಬ್ಬು ಕಡಿಯುವ ಕಾಲಕ್ಕೆ ನಾನೇ ಅವಳನ್ನು ಬಾರಾಮತಿಗೆ ಕರೆದೊಯ್ದೆ. ಗುರುತಿಲ್ಲದ ಡ್ರೈವರೊಬ್ಬ ನಕ್ಕು, ಅವಳನ್ನು ಸೀಟಿನ ಮೇಲೆ ಕೂರಿಸಿ, ಎಂಜಿನ್ ಶುರು ಮಾಡಿದ. ಮಗಳ ಮುಖ ಸಪ್ಪಗಾಯಿತು.

"ಅವ್ವಾ, ಇದು ಕೆಮ್ಮಲೇ ಇಲ್ಲ."

ಅಣ್ಣ ಬಾಯಿಂದ ಎಂಜಿನ್ ಸದ್ದು ಮಾಡುವ ಮೊದಲು ಯಾವಾಗಲೂ ಕೆಮ್ಮುತ್ತಿದ್ದ. ಟ್ರ್ಯಾಕ್ಟರುಗಳೆಲ್ಲ ಹಾಗೆಯೇ ಶುರುವಾಗುತ್ತವೆ ಎಂದು ಅವಳು ತಿಳಿದಿದ್ದಳು.

ಅವಳು ಟ್ರ್ಯಾಕ್ಟರ್ ನೋಡಿದ್ದಾಯಿತು. ಮಾಮಾ ಇಲ್ಲ.