ಖಾಯಂ ನಿರುದ್ಯೋಗಿ ಹುದ್ದೆಗೆ ಲುಬ್ನಾಳ ನೇಮಕ

ಟುನೀಸಿಯಾದ ಐನ್ ಜಮ್ಮಾರ್ ವಿಶ್ವವಿದ್ಯಾಲಯದ ಆಸ್ಪತ್ರೆ ಮತ್ತು ಸಂಶೋಧನಾ ಆವರಣದಲ್ಲಿ ಉದ್ಯೋಗಾವಕಾಶಗಳು ವರ್ಷವಿಡೀ ತೆರೆದಿರುತ್ತವೆ. ಅವನ್ನು ಭರ್ತಿ ಮಾಡಿ ಮುಚ್ಚುವ ತಪ್ಪನ್ನು ಆಡಳಿತ ಮಂಡಳಿ ಎಂದೂ ಮಾಡಿದ್ದಿಲ್ಲ.

ನಮ್ಮ ಬೀದಿಯ ಲುಬ್ನಾ ಕಮ್ಮೂನ್ ರಕ್ತಪರೀಕ್ಷೆಯ ಪದವಿ ಪಡೆದು ಸೋದರಮಾವನ ಅಂಗಡಿಯಲ್ಲಿ ಹರಿಸ್ಸಾ ಖಾರ ಮಾರುತ್ತಿದ್ದವಳು. ಆ ಆಸ್ಪತ್ರೆಯ ಪ್ರಯೋಗಾಲಯದ ಕೆಲಸಕ್ಕೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಸಂಶೋಧನಾ ವಿಭಾಗದ ಮುಖ್ಯಸ್ಥ ಡಾಕ್ಟರ್ ಅನ್ವರ್ ತ್ರಿಕಿ ಪ್ರಶ್ನೆ ಕೇಳುವ ಬದಲು ಅವಳ ರಕ್ತದೊತ್ತಡ ನೋಡಿದರು. ಕೆಲಸಕ್ಕಾಗಿ ಕಾದೂ ಕಾದೂ ಅದು ಏರಿತ್ತು. ಡಾಕ್ಟರಿಗೆ ಬಹಳ ಸಂತೋಷವಾಯಿತು.

ದೀರ್ಘಕಾಲದ ನಿರುದ್ಯೋಗವು ದೇಹಕ್ಕೆ ಏನು ಮಾಡುತ್ತದೆಂಬ ಅಧ್ಯಯನಕ್ಕೆ ವಿದೇಶದಿಂದ ಅನುದಾನ ಬಂದಿತ್ತು. ಅದಕ್ಕೆ ಸೇರಿದವರಿಗೆ ಮುಂದೆ ನೇಮಕಾತಿಯಲ್ಲಿ ಆದ್ಯತೆ ಎಂದರು. ಲುಬ್ನಾ ಸೇರಿ, ವಾರವಾರವೂ ರಕ್ತ ಕೊಟ್ಟಳು. ಪರೀಕ್ಷಿಸಲು ಮಾತ್ರ ಯಾರೂ ಇರಲಿಲ್ಲ. ಆ ಹುದ್ದೆ ಖಾಲಿಯಿತ್ತಲ್ಲ. ಫ್ರಿಜ್ಜಿನಲ್ಲಿ ಸೀಸೆಗಳು ತುಂಬಿದಾಗ ಅವಳೇ ಕೂತು ತನ್ನದನ್ನೂ ಉಳಿದವರದನ್ನೂ ಪರೀಕ್ಷಿಸತೊಡಗಿದಳು. ಹಾಗಾದರೆ ನನ್ನನ್ನೇ ನೇಮಿಸಿಕೊಳ್ಳಿ ಎಂದು ಕೇಳಿದಳು. ನೇಮಿಸಿಕೊಂಡರೆ ಆಕೆ ನಿರುದ್ಯೋಗಿಯಾಗಿ ಉಳಿಯುವುದಿಲ್ಲ, ನಿರುದ್ಯೋಗಿಗಳಿಲ್ಲದೆ ಅಧ್ಯಯನವಿಲ್ಲ, ಅಧ್ಯಯನವಿಲ್ಲದೆ ಪರೀಕ್ಷಿಸಲು ರಕ್ತವೇ ಇರುವುದಿಲ್ಲ ಎಂದು ಕಚೇರಿ ಸಮಾಧಾನದಿಂದ ತಿಳಿಸಿತು.

ಅಷ್ಟರಲ್ಲಿ ಬಂದರಿನ ಬಳಿಯ ಒಂದು ಕ್ಲಿನಿಕ್ ಅವಳನ್ನು ಕೆಲಸಕ್ಕೆ ಕರೆಯಿತು. ಸುದ್ದಿ ಕೇಳಿದ ಸಂಜೆಯೇ ತ್ರಿಕಿ ಮಕ್ರೂದ್ ಸಿಹಿಯ ಡಬ್ಬಿ ಹಿಡಿದು ಮನೆಗೆ ಬಂದರು. ಲುಬ್ನಾಳ ತಾಯಿ ಖದೂಜ ಪುದೀನ ಚಹಾ ತಂದಿಟ್ಟರು.

"ನಿಮ್ಮ ಮಗಳಿಗೆ ಕೆಲಸ ಸಿಕ್ಕಿದ್ರೆ ನಮ್ಮಲ್ಲಿ ಎಷ್ಟೋ ಜನರ ಕೆಲಸ ಹೋಗತ್ತಮ್ಮ," ಎಂದರು ಡಾಕ್ಟರು. "ನನ್ನ ಕಾರು ಕೂಡ ಆ ಅನುದಾನದ್ದೇ."

"ಹಾಗಂತ ಅವಳು ಹೀಗೇ ಮುದುಕಿಯಾಗ್ಬೇಕಾ ಡಾಕ್ಟ್ರೇ?" ಎಂದರು ಖದೂಜ.

"ಮುದುಕಿಯಾದ್ರೆ ಇನ್ನೂ ಒಳ್ಳೇದು. ದೀರ್ಘಕಾಲದ ಅಂಕಿಅಂಶ ಸಿಗತ್ತೆ."

ಲುಬ್ನಾಳಿಗೆ ನಗಬೇಕೋ, ಡಬ್ಬಿ ಎತ್ತಿ ಎಸೆಯಬೇಕೋ ತಿಳಿಯಲಿಲ್ಲ. ಒಂದು ಮಕ್ರೂದ್ ತಿಂದು ಮುಗಿಸಿ, "ಕೆಲಸ ಇಲ್ದೇ ಇರೋಕೆ ನಂದೇನೂ ಅಡ್ಡಿ ಇಲ್ಲ ಸಾರ್. ಆದ್ರೆ ಖಾಯಂ ಮಾಡಿ. ಸಂಬಳ, ರಜೆ, ಪಿಂಚಣಿ ಎಲ್ಲಾ ಬೇಕು," ಎಂದಳು.

ಮಂಡಳಿ ತುರ್ತಾಗಿ ಸಭೆ ಸೇರಿತು. ನಿರುದ್ಯೋಗಿಯ ಹುದ್ದೆಗೆ ನೇಮಕಗೊಂಡವರು ಉದ್ಯೋಗಿಯಾಗುವುದಿಲ್ಲ, ಉದ್ಯೋಗವಿಲ್ಲದಿರುವುದೇ ಅವರ ಕರ್ತವ್ಯ ಎಂದು ಕಾನೂನು ವಿಭಾಗ ಅಭಿಪ್ರಾಯಪಟ್ಟಿತು. ಪ್ರಕಟಣೆ ಹೊರಟಿತು: 'ಖಾಯಂ ನಿರುದ್ಯೋಗಿ, ಹಿರಿಯ ಶ್ರೇಣಿ. ಹಾಜರಾತಿ ಕಡ್ಡಾಯ. ಕರ್ತವ್ಯದ ವೇಳೆಯಲ್ಲಿ ಕೆಲಸ ಮಾಡಿದ್ದು ಕಂಡುಬಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು. ರಕ್ತಪರೀಕ್ಷೆಯನ್ನು ಕೆಲಸವೆಂದು ಪರಿಗಣಿಸತಕ್ಕದ್ದಲ್ಲ.'

ನೇಮಕವಾದೊಡನೆ ಲುಬ್ನಾಳ ರಕ್ತದೊತ್ತಡ ಇಳಿದುಬಿಟ್ಟಿತು. ಅಧ್ಯಯನ ನೆಲಕಚ್ಚುವುದರಲ್ಲಿತ್ತು. ಆದ್ದರಿಂದ ಈಗ ಪ್ರತಿ ಸೋಮವಾರ ಬೆಳಿಗ್ಗೆ ಅವಳನ್ನು ವಜಾ ಮಾಡಿ, ಒತ್ತಡ ಅಳೆದು, ಊಟದ ಹೊತ್ತಿಗೆ ಮರುನೇಮಕ ಮಾಡಿಕೊಳ್ಳುತ್ತಾರೆ. ಮೊದಮೊದಲು ಅಳುತ್ತಿದ್ದಳು. ಈಗ ಭಾನುವಾರ ರಾತ್ರಿ ಮಾತ್ರ ನಿದ್ದೆ ಬರುವುದಿಲ್ಲ. ಅಷ್ಟು ಸಾಕು ಎನ್ನುತ್ತಾರೆ ತ್ರಿಕಿ.

ಕಳೆದ ವಾರ ಹೆಣ್ಣು ನೋಡಲು ಬಂದಿದ್ದರು. ಹುಡುಗಿ ಏನು ಮಾಡುತ್ತಾಳೆ ಎಂದು ಹುಡುಗನ ತಾಯಿ ಕೇಳಿದರು.

"ವಿಶ್ವವಿದ್ಯಾಲಯದಲ್ಲಿ ನಿರುದ್ಯೋಗಿ," ಎಂದರು ಖದೂಜ.

"ಖಾಯಂ ತಾನೇ?"

"ಖಾಯಂ."

ಆ ತಾಯಿ ದೇವರನ್ನು ನೆನೆದು, ತಾವು ತಂದಿದ್ದ ಉಂಗುರ ಹೊರತೆಗೆದರು. ಅದೇ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದು ಇನ್ನೂ ಗುತ್ತಿಗೆಯ ಮೇಲೇ ಇದ್ದ ಹುಡುಗ, ಲುಬ್ನಾಳ ಕಡೆ ಬಾಗಿ ಸಂಕೋಚದಿಂದ ಕೇಳಿದ:

"ನಿಮ್ಮ ವಿಭಾಗದಲ್ಲಿ ಇನ್ನೊಂದು ಜಾಗ ಖಾಲಿ ಇದ್ಯಾ?"