ಮಾವನ ನಾಲ್ಕನೇ ಸೂಜಿ

ನಮ್ಮ ಮಾವನಿಗೆ ಮೂರರವರೆಗೆ ಎಣಿಸಲು ಬರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ! ಅಮ್ಮನ ಅಣ್ಣ, ಮಾವಿನಕುರ್ವೆಯಲ್ಲಿ ಮೀನಿನ ದೋಣಿ ಇಟ್ಟವರು, ಲೆಕ್ಕದಲ್ಲಿ ಪಕ್ಕಾ. ಆದರೆ ಎರಡಾದ ಮೇಲೆ ನೇರ ನಾಲ್ಕು! ಮೂರೆಂಬುದು ಅವರಿಗೆ ಆಗಿಬರುವುದಿಲ್ಲ. ತಟ್ಟೆಗೆ ಮೂರು ದೋಸೆ ಬಿದ್ದರೆ ನಾಲ್ಕನೆಯದು ಬರುವತನಕ ಮುಟ್ಟುವುದಿಲ್ಲ. ಅಮ್ಮ, ನಾನು, ಅವರು ಪೇಟೆಗೆ ಹೊರಟರೆ ನಾಲ್ಕನೆಯವನೆಂದು ಒಂದು ಕಲ್ಲನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಒಮ್ಮೆ ಕಂಡಕ್ಟರ್ "ಎಷ್ಟು ಜನ?" ಎಂದಾಗ "ನಾಕು" ಎಂದುಬಿಟ್ಟರು. ಕಲ್ಲಿಗೂ ಟಿಕೆಟ್ ಆಯಿತು!

ಇಂಥವರ ಮುಂದೆ ಕುಮಟಾದ ನನ್ನ ನರ್ಸಿಂಗ್ ಕಾಲೇಜು ಒಂದು ನಿಯಮ ತಂದಿಟ್ಟಿತು. ಹೆಪಟೈಟಿಸ್ ಲಸಿಕೆ ಮೂರು ಸಲ ಹಾಕಿಸಿಕೊಳ್ಳದಿದ್ದರೆ ವಾರ್ಡಿಗೆ ಕಾಲಿಡುವಂತಿಲ್ಲ. ವಾರ್ಡಿಲ್ಲದೆ ನಾನು ನರ್ಸಾಗುವುದಾದರೂ ಹೇಗೆ?

ಹೊನ್ನಾವರದ ಆಸ್ಪತ್ರೆಯಲ್ಲಿ ಮಾವ ಚೌಕಾಶಿಗೇ ಇಳಿದರು.

"ಮೂರು ಕೊಡೂದಲ್ಲ ಸಿಸ್ಟರೇ. ಒಂದೋ ಎರಡಕ್ಕೆ ನಿಲ್ಸಿ, ಇಲ್ಲಾ ನಾಕು ಮಾಡಿ."

"ಇದೆಂತ ದೋಸೆಯಾ, ಕೇಳಿದಷ್ಟು ಹಾಕೂಕೆ? ನಾಕನೇದು ನಿಮಗೇ ಕೊಡ್ತೆ, ಬನ್ನಿ!"

ಆಮೇಲೆ ಮಾವ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನಲ್ಲಿ. ಕಡಲ ತೆರೆಗೆ ಹೆದರದ ಮನುಷ್ಯ, ಸೂಜಿ ಕಂಡರೆ ಬೆವರುತ್ತಾರೆ!

ಎರಡು ಲಸಿಕೆ ಹೇಗೋ ಆಯಿತು. ಮೂರನೆಯದಕ್ಕೆ ಹೊರಟಾಗ ನೋಡಿದರೆ ನನ್ನ ಚಪ್ಪಲಿಯೇ ಇಲ್ಲ! ಮಾವ ದೋಣಿಯಲ್ಲಿ ಬಚ್ಚಿಟ್ಟಿದ್ದರು. ಅಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಎಂತ ಅಣ್ಣಾ ಇದು? ಹುಡ್ಗಿ ಓದು ಹಾಳು ಮಾಡ್ತ್ಯಾ?"

ಮಾವ ತಲೆ ತಗ್ಗಿಸಿ ಅಂದರು, "ಅಂವ ಹೋದ ದಿನ ದೋಣಿಲಿ ಮೂರೇ ಜನ ಇದ್ದಿದ್ರು."

ಅಂವ ಎಂದರೆ ನನ್ನ ಅಪ್ಪ. ಅಂದು ಕಡಲಿಗೆ ಹೋದ ಆ ದೋಣಿ ತಿರುಗಿ ಬರಲಿಲ್ಲ. ನಾಲ್ಕನೆಯವರಾಗಿ ಹೋಗಬೇಕಿದ್ದ ಮಾವ ಜ್ವರ ಬಂದು ಮನೆಯಲ್ಲಿ ಮಲಗಿದ್ದರು. ಮೂರರ ಮೇಲಿನ ಅವರ ಸಿಟ್ಟು ಅಂದಿನದು.

ಕೊನೆಗೆ ಮಾವ ತಾವೇ ಚಪ್ಪಲಿ ತಂದುಕೊಟ್ಟು ನನ್ನ ಜೊತೆ ಹೊರಟರು. ನನ್ನ ಲಸಿಕೆ ಮುಗಿದದ್ದೇ ಸಿಸ್ಟರ್ ಎದುರು ಅಂಗೈ ಚಾಚಿದರು.

"ಮೀನಿನ ಮುಳ್ಳು ಹೆಟ್ಟಿದೆ. ನಂಗೂ ಒಂದು ಹಾಕಿ."

ಮುಳ್ಳು ಚುಚ್ಚುವುದು ಅವರಿಗೆ ದಿನಾ ಇದ್ದದ್ದೇ! ಆದರೂ ಸಿಸ್ಟರ್ ಗಾಯ ನೋಡಿ, ಧನುರ್ವಾಯುವಿನ ಇಂಜೆಕ್ಷನ್ ತಂದರು. ಮಾವ ಕಣ್ಣು ಮುಚ್ಚಿ ನನ್ನ ಕೈ ಗಟ್ಟಿಯಾಗಿ ಹಿಡಿದರು. ನನಗೆ ಅಳು ತಡೆಯಲಾಗಲಿಲ್ಲ.

"ಆತಾ?"

"ಆತು, ಮಾವ."

ಮಾವ ಕಣ್ಣು ಬಿಟ್ಟರು. "ನಾಕಾತು. ಇನ್ನು ಹೋಗು ಮಗಾ. ಈ ಸಲ ನಾ ತಪ್ಪಿಸ್ಕಳ್ಲಿಲ್ಲ."