ಕಣಜ ಕಟ್ಟಿದ ಮನೆ

ಮನುಷ್ಯರಿಗೆ ಸಮಾಧಾನ ಹೇಳಲು ಬಾರದವರೇ ಪ್ರಾಣಿಗಳ ಅಧ್ಯಯನಕ್ಕೆ ಇಳಿಯುತ್ತಾರೆಂಬುದು ನನ್ನ ಸಿದ್ಧಾಂತ. ಬೇರೆಯವರದು ಗೊತ್ತಿಲ್ಲ, ನನ್ನ ಮಟ್ಟಿಗೆ ನಿಜ. ಹೋದ ಮಳೆಗಾಲದಲ್ಲಿ ನಮ್ಮ ಕೂಸು, ಆಗಷ್ಟೇ ಅಂಬೆಗಾಲಿಡಲು ಕಲಿತದ್ದು, ಜ್ವರ ಬಂದು ತೀರಿಕೊಂಡಿತು. ಅಂದಿನಿಂದ ನನ್ನ ಹೆಂಡತಿ ಲಲಿತೆ ಮಾತು ಬಿಟ್ಟಳು. ಪೂರ್ತಿ ಬಿಟ್ಟಳೆಂದಲ್ಲ, ಊಟಕ್ಕೆ ಏಳಿ, ಸೀಗೆಪುಡಿ ಮುಗಿದಿದೆ, ಇಷ್ಟು ಉಳಿದಿತ್ತು. ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತರಗತಿಯಲ್ಲಿ ಗಂಟಲು ಹರಿಯುವಂತೆ ಮಾತಾಡುವ ನನಗೆ ಅವಳೆದುರು ಕುಳಿತು ಆಡಲು ಒಂದು ಮಾತು ಸಿಗುತ್ತಿರಲಿಲ್ಲ. ಮನೆಗೆ ಹೋಗಲು ಭಯವಾಗುತ್ತಿತ್ತು. ಅಷ್ಟರಲ್ಲಿ ಹಿತ್ತಿಲ ಜಗಲಿಯ ಜಂತೆಗೆ ಕಣಜದ ಹುಳುಗಳು ಗೂಡು ಕಟ್ಟಿದವು. ದೇವರೇ ಕಳಿಸಿದನೆಂದುಕೊಂಡು ಅದರೆದುರು ಸ್ಟೂಲು ಹಾಕಿಕೊಂಡು ಕುಳಿತೆ.

ಡ್ರಾಯಿಂಗ್ ಮೇಷ್ಟ್ರಿಂದ ಬಣ್ಣ ತಂದು, ಸಣ್ಣ ಕಡ್ಡಿಯಲ್ಲಿ ಒಂದೊಂದರ ಬೆನ್ನಿಗೂ ಚುಕ್ಕೆ ಇಟ್ಟೆ. ಗುರುತು ಸಿಗಬೇಕಲ್ಲ. ಈ ಸೇವೆಗೆ ಅವು ಕೊಟ್ಟ ಪ್ರಸಾದದಿಂದ ನನ್ನ ಮೂಗು ಊದಿ ಬದನೆಕಾಯಿಯಾಯಿತು. ಮೊಟ್ಟೆ ಇಡುವುದು ಒಂದೇ ಹುಳು. ಉಳಿದವು ತಾವು ಹೆರದ ಮರಿಗಳಿಗೆ ಕಂಬಳಿಹುಳು ತಂದು ಅಗಿದು ತಿನ್ನಿಸುತ್ತವೆ. ಯಾರದೋ ಮರಿಗೆ ಇವು ಯಾಕೆ ಸಾಯಬೇಕು? ಇದು ನನ್ನ ಸಂಶೋಧನೆಯ ಪ್ರಶ್ನೆ. ಕೆಲವು ದುಡಿಯುತ್ತವೆ, ಕೆಲವು ಜಗಳವಾಡುತ್ತವೆ, ಕೆಲವು ಸುಮ್ಮನೆ ಕೂತಿರುತ್ತವೆ. ನಮ್ಮ ಸ್ಟಾಫ್ ರೂಮನ್ನು ನೋಡಿದ್ದವನಾದ್ದರಿಂದ ಇದೇನೂ ಆಶ್ಚರ್ಯವೆನಿಸಲಿಲ್ಲ. ಬ್ಲಾಕ್ ಆಫೀಸಿನವರು ಶಿರಾಳಕೊಪ್ಪದಲ್ಲಿ ಸಹಕಾರದ ಬಗ್ಗೆ ಭಾಷಣ ಮಾಡಿ ಎಂದಾಗ ರೈತರಿಗೆ ಕಣಜದ ಹುಳುವಿನ ಕಥೆಯನ್ನೇ ಹೇಳಿ ಬಂದೆ. ಅದೇ ಉತ್ಸಾಹದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಮಾವನವರಿಗೆ ನಮ್ಮ ಮನೆಯಲ್ಲಿ ಕಣಜ ಕಟ್ಟಿದೆ ಎಂದೆ. ಅವರು ಬತ್ತದ ಕಣಜವೆಂದು ತಿಳಿದು, ಅಂತೂ ಅಳಿಯನಿಗೆ ಬುದ್ಧಿ ಬಂತೆಂದು ತಮ್ಮೂರು ಸೊರಬದ ತುಂಬ ಸಾರಿದರಂತೆ. ನೋಡಲೆಂದೇ ಬಂದವರು ಜಂತೆಯತ್ತ ಕತ್ತೆತ್ತಿ, ಆಮೇಲೆ ಮಗಳ ಮುಖ ನೋಡಿ, ಕಾಫಿ ಕುಡಿದು ಎದ್ದರು. ಹೊರಡುವಾಗ, ಅವಳ ಕಡೆಯೂ ಸ್ವಲ್ಪ ನೋಡಿ ಎಂದರು. ನೋಡುತ್ತಲೇ ಇದ್ದೇನಲ್ಲ ಎಂದೆ.

ನಮ್ಮ ಕೇರಿಯಲ್ಲಿ ಬೇಸಿಗೆ ಬಂದರೆ ಹಪ್ಪಳಕ್ಕೆ ಮುಯ್ಯಿ. ಹೆಂಗಸರೆಲ್ಲ ಸೇರಿ ಇವತ್ತು ಒಬ್ಬರ ಮನೆಯಲ್ಲಿ ಹಿಟ್ಟು ಕುಟ್ಟಿ ಲಟ್ಟಿಸಿದರೆ ನಾಳೆ ಇನ್ನೊಬ್ಬರ ಮನೆ. ನೀವು ಹೋದ ಮನೆಯವರು ನಿಮ್ಮ ಮನೆಗೆ ಬರಲೇಬೇಕು. ಹೊಸಲು ದಾಟದಿದ್ದ ಲಲಿತೆ ಈ ಸಲ ಒಂದು ಮನೆಯನ್ನೂ ತಪ್ಪಿಸಲಿಲ್ಲ. ನಮ್ಮ ಸರದಿ ಬಂದ ದಿನ ಜಗಲಿ ಸಾರಿಸಿ, ಎಷ್ಟೋ ತಿಂಗಳ ಮೇಲೆ ಹೂ ಮುಡಿದಳು. ಆಮೇಲೆ ಜಂತೆ ನೋಡಿ, ಗೂಡು ತೆಗೆಯುತ್ತೀರಾ ಎಂದು ಕೇಳಿದಳು. ಈಗ ಮರಿಗಳು ಬಲಿಯುವ ಹೊತ್ತು, ಕೆಣಕದಿದ್ದರೆ ಯಾರ ತಂಟೆಗೂ ಬರುವುದಿಲ್ಲ ಎಂದು ನಾನು ವಿವರಿಸಹೊರಟೆ.

"ಇರ್ಲಿ ಬಿಡಿ. ಅವಕ್ಕೂ ಕೂಸು ಇದಾವಲ" ಎಂದಳು.

ಹೆಂಗಸರು ಬಂದರು, ಒನಕೆಯ ಪೆಟ್ಟು ಬಿತ್ತು, ಜಂತೆ ಅದುರಿತು. ಹುಳುಗಳಿಗೆ ಅಷ್ಟು ಸಾಕಾಯಿತು. ಪಕ್ಕದ ಮನೆಯ ಗೌರಮ್ಮನವರ ಕೆನ್ನೆಗೇ ಒಂದು ಕಚ್ಚಿತು. ಅವರು ಸೆರಗು ಒತ್ತಿಕೊಂಡು, "ಲಲಿತಮ್ಮಾ, ನಿಮ್ಮನಿಯವ್ರು ಚಲೋ ಮುಯ್ಯಿ ತೀರ್ಸಿದ್ರು ಬಿಡ್ರಿ" ಎಂದು ಹೊರಟರು. ನಮ್ಮ ಭಾಷೆಯಲ್ಲಿ ಉಪಕಾರ ತೀರಿಸುವುದಕ್ಕೂ ಹಗೆ ತೀರಿಸುವುದಕ್ಕೂ ಇರುವುದು ಒಂದೇ ಮಾತು. ಮಿಕ್ಕವರೂ ಅವರ ಹಿಂದೆಯೇ ಓಡಿದರು. ಲಲಿತೆ ಹಿಟ್ಟಿನ ಮುಂದೆ ಒಬ್ಬಳೇ ಕುಳಿತಳು. ಏನಾದರೂ ಹೇಳಬೇಕಲ್ಲ ಎಂದು, ಕಚ್ಚಲು ಮೊದಲು ಎದ್ದವು ಸುಮ್ಮನೆ ಕೂತಿರುವ ಜಾತಿಯವು, ಇದು ಹೊಸ ವಿಷಯ ಎಂದೆ. ಅವಳು ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದಳು.

ಸ್ವಲ್ಪ ಹೊತ್ತಿಗೆ ಗೌರಮ್ಮನವರು ಕೆನ್ನೆಗೆ ಸುಣ್ಣ ಹಚ್ಚಿಕೊಂಡು ಹಿತ್ತಿಲ ಬಾಗಿಲಿಗೆ ಬಂದರು. ಹಿಟ್ಟು ಹಾಳಾಗುವುದು ಬೇಡ, ನಮ್ಮ ಅಂಗಳಕ್ಕೆ ತನ್ನಿ ಎಂದು ಲಲಿತೆಯನ್ನು ಕರೆದರು. ನಾನೂ ಎದ್ದೆ.

"ಮೇಷ್ಟ್ರೇ, ನೀವು ಇಲ್ಲೇ ಇರ್ರಿ. ನಿಮ್ ಹುಳಕ್ಕ ಬ್ಯಾಸರ ಆಗ್ತೈತಿ."

ಕುಳಿತೆ. ಹುಳುಗಳು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಮ್ಮ ಪಾಡಿಗೆ ಮರಿಗಳಿಗೆ ತಿನ್ನಿಸುತ್ತಿದ್ದವು. ಗೋಡೆಯಾಚೆಯಿಂದ ಒನಕೆಯ ಸದ್ದು, ನಡುನಡುವೆ ನಗು ಕೇಳುತ್ತಿತ್ತು. ಅದರಲ್ಲಿ ಒಂದು ನಗು ಗುರುತು ಸಿಗಲಿಲ್ಲ. ಯಾರೋ ಹೊಸಬರು ಬಂದಿರಬೇಕೆಂದುಕೊಂಡೆ. ಇನ್ನೊಮ್ಮೆ ಕೇಳಿದಾಗ ತಿಳಿಯಿತು, ಅದು ಲಲಿತೆಯದು. ಕೂಸಿನ ಜೊತೆಗೇ ಹೋಯಿತೆಂದುಕೊಂಡಿದ್ದ ನಗು. ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ನಾನೂ ಒಮ್ಮೆ ನೋಡಬೇಕೆನಿಸಿತು. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ, ಅವಳು ಬಿಟ್ಟುಹೋಗಿದ್ದ ಲಟ್ಟಣಿಗೆಯನ್ನು ಹಿಡಿದುಕೊಂಡು, ಗೋಡೆಯ ಪಕ್ಕದ ಕಲ್ಲು ಹತ್ತಿ ಇಣುಕಿದೆ.

ನನ್ನ ತಲೆ ಕಂಡದ್ದೇ ಲಲಿತೆ ನಗು ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. ಊಟಕ್ಕೆ ಹೊತ್ತಾಯಿತೇ ಎಂದು ಕೇಳಿದಳು.